ಕೆಸರಿಗೆ ಇಟ್ಟ ಕುಂಕುಮ

ರಾಮಕೃಷ್ಣ ಹರಿಕಾಂತನ ಮುಖ ಮರೆತವರೂ ಅವನ ಕಾಲು ಮರೆಯುವುದಿಲ್ಲ. ಬೆರಳುಗಳು ಬಾತುಕೋಳಿಯ ಪಾದದ ಹಾಗೆ ಅಗಲಕ್ಕೆ ಹರಡಿಕೊಂಡಿವೆ. ಹಿಮ್ಮಡಿ ಒಣಗಿದ ಕೆರೆಯ ತಳದಂತೆ ಬಿರಿದಿದೆ. ಮೂವತ್ತೆರಡು ವರ್ಷ ಗುಜರಾತಿನ ಕಡಲಂಚಿನ ಕೆಸರು ತುಳಿದ ಕಾಲುಗಳು ಅವು. ಖಂಭಾತದ ಕೊಲ್ಲಿಯಲ್ಲಿ ನೀರು ಇಳಿದಾಗ ಮೈಲುಗಟ್ಟಲೆ ಕೆಸರು ಬತ್ತಲೆ ಬೀಳುತ್ತದೆ. ದೂರದಿಂದ ನೋಡಿದರೆ ಸಗಣಿ ಸಾರಿಸಿದ ಅಂಗಳ. ಹತ್ತಿರ ಹೋಗಿ ಕಾಲಿಟ್ಟರೆ ತೊಡೆಯವರೆಗೆ ನುಂಗುತ್ತದೆ. ಎಲ್ಲಿ ತುಳಿಯಬಹುದು, ಎಲ್ಲಿ ತುಳಿಯಬಾರದು, ಮುಂದಿನ ಭರತದ ನೀರು ಏರಿ ಬರುವ ಮೊದಲು ಎಷ್ಟು ಹೊತ್ತು ಉಳಿದಿದೆ ಎನ್ನುವುದನ್ನು ಅವನ ಅಂಗಾಲೇ ಅವನಿಗೆ ಹೇಳುತ್ತಿತ್ತು.

ಅಹಮದಾಬಾದಿನ ನವರಂಗಪುರದ ಹಳೆಯ ಕಟ್ಟಡವೊಂದರಲ್ಲಿ ನಮ್ಮ ಮನೆಯ ಮೇಲಿನ ಮಹಡಿಯಲ್ಲೇ ಅವನ ಸಂಸಾರ. ಹಾಗಾಗಿ ಈ ಸಂಗತಿಯೆಲ್ಲ ಅವನ ಬಾಯಿಂದ, ಅವನ ಹೆಂಡತಿ ಕಮಲಾಕ್ಷಿಯ ಬಾಯಿಂದ ನನಗೆ ತಿಳಿದದ್ದು.

ಹುಟ್ಟಿದ್ದು ಕುಮಟೆಯ ಕಡೆ, ಅಘನಾಶಿನಿ ಹೊಳೆ ಸಮುದ್ರ ಸೇರುವ ಅಳಿವೆಯ ದಂಡೆಯಲ್ಲಿ. ತಾಯಿ ಇಳಿತದ ಹೊತ್ತಿಗೆ ಕೆಸರಿಗಿಳಿದು ಬಳಚು ಎನ್ನುವ ಚಿಪ್ಪುಮೀನು ಆರಿಸಿ ಮಾರುತ್ತಿದ್ದಳು. ಇವನು ಏಳನೇ ಇಯತ್ತೆ ಮುಗಿಸಿ ಪಾಟಿಚೀಲ ಮೂಲೆಗೆಸೆದು ಅವಳ ಹಿಂದೆ ಬುಟ್ಟಿ ಹೊತ್ತ. ಸಾವಿರದ ಒಂಬೈನೂರ ತೊಂಬತ್ತೊಂದರಲ್ಲಿ ಅಹಮದಾಬಾದಿನಿಂದ ಒಂದು ತಂಡ ಅಲ್ಲಿಗೆ ಬಂತು. ಕರಾವಳಿಯ ಮಣ್ಣು ಪರೀಕ್ಷಿಸುವ ಒಂದು ಸಣ್ಣ ಸರ್ಕಾರಿ ಪ್ರಯೋಗಶಾಲೆಯವರು. ಅವರಲ್ಲೊಬ್ಬ ಧಾರವಾಡದ ತರುಣ ವಿಜ್ಞಾನಿ, ಜಯತೀರ್ಥ. ಬೂಟು ಹಾಕಿಕೊಂಡೇ ಕೆಸರಿಗಿಳಿದು ಸೊಂಟದವರೆಗೆ ಹೂತುಹೋದ. ನೀರು ಏರುತ್ತಿತ್ತು. ರಾಮಕೃಷ್ಣ ದೋಣಿಯ ಹಲಗೆ ಹಾಸಿ, ಅದರ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ, ಆತನನ್ನು ಕೆಸುವಿನ ಗೆಡ್ಡೆ ಕಿತ್ತ ಹಾಗೆ ಕಿತ್ತು ತೆಗೆದ. ಬೂಟು ಅಲ್ಲೇ ಉಳಿಯಿತು. ಆರು ತಿಂಗಳಿಗೆ ಜಯತೀರ್ಥರಿಂದ ಕಾಗದ ಬಂತು, ಕೆಲಸಕ್ಕೆ ಬಾ ಎಂದು.

ಕೆಲಸ ಹೇಳಿದರೆ ಸರಳ. ಇಳಿತದಲ್ಲಿ ಕೆಸರಿಗೆ ಹೋಗಿ ತೋಳುದ್ದದ ಪ್ಲಾಸ್ಟಿಕ್ ಕೊಳವೆಯನ್ನು ನೆಟ್ಟಗೆ ಒತ್ತಬೇಕು. ಬಾಯಿ ಮುಚ್ಚಿ ಮೇಲಕ್ಕೆಳೆಯಬೇಕು. ಒಳಗೆ ಕೆಸರಿನ ಕಂಬ ನಿಂತಿರುತ್ತದೆ. ಅದನ್ನು ಹೊರದೂಡಿ ಬಾಳೆದಿಂಡು ಕೊಯ್ದಂತೆ ಬಿಲ್ಲೆ ಬಿಲ್ಲೆ ಮಾಡಬೇಕು. ತಳದ ಬಿಲ್ಲೆ ಅಜ್ಜನ ಕಾಲದ್ದು, ಮೇಲಿನದು ಈ ವರ್ಷದ್ದು. ನದಿಗಳು ತಂದು ಸುರಿದ ಸೀಸ, ಕ್ರೋಮಿಯಂ, ಕ್ಯಾಡ್ಮಿಯಂ, ಪಾದರಸ ಯಾವ ಕಾಲದಲ್ಲಿ ಎಷ್ಟು ಬಂತು ಎನ್ನುವುದು ಆ ಬಿಲ್ಲೆಗಳಲ್ಲಿ ಕುಳಿತಿರುತ್ತದೆ. ನೀರು ತೊಳೆದುಹೋಗುತ್ತದೆ, ಕೆಸರು ಇಟ್ಟುಕೊಳ್ಳುತ್ತದೆ.

ಈ ಕೆಲಸಕ್ಕೆ ಒಂದು ಮಡಿ ಉಂಟು. ಲೋಹ ಅಳೆಯಲು ಹೋದವರು ಲೋಹ ಮುಟ್ಟಿಸಬಾರದು. ಚಾಕು ಪ್ಲಾಸ್ಟಿಕ್ಕಿನದು, ಚಮಚ ಪ್ಲಾಸ್ಟಿಕ್ಕಿನದು. ಉಂಗುರ, ಗಡಿಯಾರ, ಬಳೆ ಯಾವುದೂ ಕೂಡದು. ಈ ಮಡಿಯಲ್ಲಿ ಅವನು ಮಠದ ಅಡುಗೆಯವರನ್ನೂ ಮೀರಿಸಿದವನು. ಕಾಲೇಜಿನಿಂದ ಬಂದ ಹುಡುಗಿಯರ ಕಿವಿಯ ಓಲೆ ಬಿಚ್ಚಿಸಿ ಡಬ್ಬಿಯಲ್ಲಿ ಹಾಕಿಸುತ್ತಿದ್ದ. ಒಮ್ಮೆ ದಿಲ್ಲಿಯಿಂದ ಬಂದ ದೊಡ್ಡ ಅಧಿಕಾರಿಯೊಬ್ಬರು ಕೀಲಿಕೈಯಿಂದ ಕೆಸರು ಕೆದಕಲು ಹೋದಾಗ ಅವರ ಕೈಯನ್ನೇ ಹಿಡಿದು ನಿಲ್ಲಿಸಿದ್ದ. ಆ ಪ್ರಯೋಗಶಾಲೆಯಲ್ಲಿ ಅವನು ತಂದ ಮಣ್ಣೆಂದರೆ ಯಾರೂ ಎರಡನೇ ಮಾತು ಆಡುತ್ತಿರಲಿಲ್ಲ. ಅವನ ಬಾಳಿನ ಗಳಿಕೆ ಅಷ್ಟೇ, ಅದು ಅವನಿಗೆ ಸಾಕಾಗಿತ್ತು.

ಆದರೆ ತಾಯಿಯಿಂದ ಬಂದ ಒಂದು ರೂಢಿಯಿತ್ತು. ಹೊಸ ಜಾಗದ ಕೆಸರಿಗೆ ಮೊದಲ ಸಲ ಕೈ ಹಾಕುವ ಮುನ್ನ ಅವಳು ಆ ಜಾಗಕ್ಕೆ ಒಂದು ಚಿಟಿಕೆ ಕುಂಕುಮ ಇಟ್ಟು, ತಗೊಂಡು ಹೋಗ್ತೆ, ಸಿಟ್ಟಾಗಬೇಡ ಎಂದು ಕೈ ಮುಗಿಯುತ್ತಿದ್ದಳು. ಎಲ್ಲಿಂದ ತೆಗೆಯುತ್ತೇವೋ ಅಲ್ಲೇ ಕೊಡಬೇಕು, ಪಕ್ಕದಲ್ಲಿ ಕೊಟ್ಟರೆ ಸಲ್ಲುವುದಿಲ್ಲ ಎನ್ನುವುದು ಅವಳ ಮಾತು. ರಾಮಕೃಷ್ಣನೂ ಕೊಳವೆ ಇಳಿಸುವ ಜಾಗದಲ್ಲೇ ಕುಂಕುಮ ಇಡುತ್ತಿದ್ದ. ಮುಚ್ಚಿಟ್ಟು ಮಾಡಿದ್ದಲ್ಲ. ಎಲ್ಲರೆದುರಿಗೇ ಮಾಡುತ್ತಿದ್ದ. ಜಯತೀರ್ಥರೂ ಚಪ್ಪಲಿ ಬಿಟ್ಟು ಕೈ ಮುಗಿದು ನಿಲ್ಲುತ್ತಿದ್ದರು. ಆಯುಧಪೂಜೆಯ ದಿನ ಪ್ರಯೋಗಶಾಲೆಯ ಕೋಟಿ ಬೆಲೆಯ ಯಂತ್ರಕ್ಕೂ ಕುಂಕುಮ ಹಚ್ಚುವ ಜನ ಅವರು. ಅವರಿಗೆ ಅದು ಕಣ್ಣಿಗೆ ಬಿದ್ದರೂ ತಲೆಗೆ ಹೋಗಲಿಲ್ಲ.

ಮೊದಲೆಲ್ಲ ಕುಂಕುಮ ಊರಿನಿಂದ ಬರುತ್ತಿತ್ತು. ಅರಿಶಿನಕ್ಕೆ ನಿಂಬೆರಸ, ಬಿಳಿಗಾರ ಹಾಕಿ ತಾಯಿಯೇ ಮಾಡಿ ಕಳಿಸುತ್ತಿದ್ದಳು. ಎರಡು ಸಾವಿರದ ಹದಿಮೂರರಲ್ಲಿ ಅವಳು ತೀರಿಕೊಂಡಳು. ಭರಣಿಯಲ್ಲಿದ್ದದ್ದು ಅದೇ ವರ್ಷ ಮುಗಿಯಿತು. ಆಮೇಲೆ ರಾಮಕೃಷ್ಣ ನವರಂಗಪುರದ ಪೂಜಾಸಾಮಾನಿನ ಅಂಗಡಿಯಿಂದ ಪೊಟ್ಟಣ ತರತೊಡಗಿದ. ಬಣ್ಣ ಸ್ವಲ್ಪ ಕಿತ್ತಳೆಗೆ ತಿರುಗಿತ್ತು, ಕೈಗೆ ಸ್ವಲ್ಪ ಭಾರವೆನಿಸುತ್ತಿತ್ತು. ಒಳ್ಳೆಯ ಮಾಲು ಎಂದುಕೊಂಡ.

ಎರಡು ಸಾವಿರದ ಇಪ್ಪತ್ತಮೂರರ ಜನವರಿಯಲ್ಲಿ ಜಯತೀರ್ಥರೂ ರಾಮಕೃಷ್ಣನೂ ಸೂರತ್ತಿನ ಕೆಳಗಿನ ಒಂದು ಖಾಡಿಗೆ ಹೋದರು. ಸಚಿನ್ ಸ್ಟೇಷನ್ನಿನಲ್ಲಿ ಇಳಿದು ರಿಕ್ಷಾದಲ್ಲಿ ಬಹಳ ದೂರ ಸಾಗಿದರೆ, ಕಡಲ ನೀರು ಒಳನುಗ್ಗುವ ಒಂದು ಕಿರಿದಾದ ಕಾಲುವೆ. ದಂಡೆಯ ಮೇಲೆ ನಲವತ್ತಾರು ಮನೆಗಳ ಮೀನುಗಾರರ ಕೇರಿ. ಕೇರಿಯ ಮೇಲ್ಗಡೆಯ ಕಾರ್ಖಾನೆಗಳ ಕಡೆಯಿಂದ, ಯಾರದೆಂದು ಯಾರೂ ಒಪ್ಪಿಕೊಳ್ಳದ ಒಂದು ದಪ್ಪ ಕೊಳವೆ ಬಂದು ಖಾಡಿಗೆ ಬಾಯಿ ತೆರೆದಿತ್ತು. ಒಂದು ದಿನ ನೀರು ನೇರಳೆ, ಒಂದು ದಿನ ಕಂದು.

ದಾರಿ ತೋರಿಸಿದವಳು ಸಾವಿತ್ರಿಬೇನ್. ಐವತ್ತರ ಆಸುಪಾಸಿನ ವಿಧವೆ. ಕೆಸರಿನ ಬಿಲಕ್ಕೆ ಕೈ ಹಾಕಿ ಲೆವ್ಟಾ ಎನ್ನುವ ನುಣುಪಾದ ಸಣ್ಣ ಮೀನು ಹಿಡಿಯುವುದು ಅವಳ ಕಸುಬು. ಒಂದು ಕಾಲದಲ್ಲಿ ಸೂರತ್ತಿನ ಮಾರುಕಟ್ಟೆಯಲ್ಲಿ ಅದಕ್ಕಾಗಿ ಜನ ಬೆಳಿಗ್ಗೆಯೇ ಕಾಯುತ್ತಿದ್ದರಂತೆ. ಈಗ ಈ ಖಾಡಿಯದು ಎಂದರೆ ಮೂಗು ಮುರಿಯುತ್ತಾರೆ. ಅವಳ ಮೊಣಕೈವರೆಗಿನ ಚರ್ಮ ಹುರಿದ ಹಪ್ಪಳದಂತೆ ಎದ್ದಿತ್ತು. ರಾಮಕೃಷ್ಣ ಕೆಸರಿನಲ್ಲಿ ನಡೆಯುವ ರೀತಿ ನೋಡಿ, ನೀವು ಓದಿದವರಲ್ಲ, ನಮ್ಮವರು ಎಂದು ನಕ್ಕಳು. ಆ ದಿನ ಅವನು ಮೂರು ಕಡೆ ಕೊಳವೆ ಇಳಿಸಿದ. ಮೂರು ಕಡೆಯೂ ಕುಂಕುಮ ಇಟ್ಟ. ಅವಳೂ ಸೆರಗು ಎಳೆದುಕೊಂಡು ಕೈ ಮುಗಿದಳು.

ಮಣ್ಣನ್ನು ಪರೀಕ್ಷಿಸಿದವಳು ಗೌತಮಿ. ಅಹಮದಾಬಾದಿನಲ್ಲೇ ಹುಟ್ಟಿ ಬೆಳೆದ ಕನ್ನಡದ ಮನೆಯ ಹುಡುಗಿ, ಪ್ರಯೋಗಶಾಲೆಗೆ ಸೇರಿ ನಾಲ್ಕು ವರ್ಷವಾಗಿತ್ತು. ಲೆಕ್ಕ ಬಂದಾಗ ಎಲ್ಲರೂ ಅವಾಕ್ಕಾದರು. ತಳದ ಬಿಲ್ಲೆಯಲ್ಲಿ ಕಿಲೋ ಮಣ್ಣಿಗೆ ಇಪ್ಪತ್ತೆರಡು ಮಿಲಿಗ್ರಾಂ ಇದ್ದ ಸೀಸ ಮೇಲಿನ ಬಿಲ್ಲೆಯಲ್ಲಿ ಒಂಬೈನೂರ ನಲವತ್ತು. ಕ್ರೋಮಿಯಂ, ಕ್ಯಾಡ್ಮಿಯಂ ಮೂರು ನಾಲ್ಕು ಪಟ್ಟು ಏರಿದ್ದವು, ಆದರೆ ಸೀಸದ ಮುಂದೆ ಅವು ಯಾರ ಕಣ್ಣಿಗೂ ಬೀಳಲಿಲ್ಲ. ಮೂರು ಕೊಳವೆಗಳಲ್ಲೂ ಸೀಸ ಹೆಚ್ಚೇ ಇದ್ದುದರಿಂದ, ಕೆಲವು ವರ್ಷಗಳಿಂದ ಬೇರೆ ಕಡೆಗಳಲ್ಲೂ ಮೇಲಿನ ಬಿಲ್ಲೆಯ ಸೀಸ ಏರುತ್ತಲೇ ಬಂದಿದ್ದರಿಂದ, ಅನುಮಾನ ಪಡುವ ಕಾರಣವೂ ಇರಲಿಲ್ಲ. ವರದಿ ಹೊರಬಿತ್ತು. ಕೇರಿಯ ಜನ ಅದನ್ನು ಹಿಡಿದು ದೂರು ಕೊಟ್ಟರು. ಅಹವಾಲು ಕೇಳಲು ಒಂದು ಸಮಿತಿ ನೇಮಕವಾಗಿ ಆಗಸ್ಟಿನಲ್ಲಿ ದಿನ ಗೊತ್ತಾಯಿತು. ಸಮಿತಿ ಒಪ್ಪಿದರೆ ಬಣ್ಣದ ನೀರು ಬಿಡುವ ಆ ದಪ್ಪ ಕೊಳವೆ ಮುಚ್ಚುತ್ತದೆ.

ಜುಲೈ ತಿಂಗಳಲ್ಲಿ ಕಾಲೇಜಿನ ಮಕ್ಕಳಿಗೆ ಯಂತ್ರ ತೋರಿಸುವುದಕ್ಕೆಂದು ಗೌತಮಿ ಪೇಟೆಯಿಂದ ಏನೇನೋ ತರಿಸಿದ್ದಳು. ಆಟಿಕೆಯ ಬಣ್ಣ, ಕಾಡಿಗೆ, ಅರಿಶಿನ, ಕುಂಕುಮ. ಯಾವುದರಲ್ಲಿ ಎಷ್ಟು ಲೋಹವಿದೆ ಎಂದು ಒಂದೊಂದಾಗಿ ಓದಿ ಹೇಳುತ್ತಿದ್ದಳು. ರಾಮಕೃಷ್ಣ ಬಾಗಿಲ ಬಳಿ ಕೊಳವೆಗಳನ್ನು ತೊಳೆದು ನಿಲ್ಲಿಸುತ್ತಿದ್ದ. ಕುಂಕುಮದ ಸರದಿ ಬಂತು. ಕೆಲವು ಅಂಗಡಿಗಳ ಕುಂಕುಮ ಕುಂಕುಮವೇ ಅಲ್ಲ, ಸೀಸದ ಕೆಂಪು ಪುಡಿ ಬೆರೆಸಿದ್ದು ಎಂದಳು. ಮಕ್ಕಳು ನಕ್ಕರು. ರಾಮಕೃಷ್ಣ ಉಳಿದ ಕೊಳವೆಗಳನ್ನೂ ತೊಳೆದು ನಿಲ್ಲಿಸಿದ.

ಮಕ್ಕಳು ಹೋದ ಮೇಲೆ ಅವನು ತನ್ನ ಚೀಲದ ಒಳಜೇಬಿನಿಂದ ಪೊಟ್ಟಣ ತೆಗೆದು ಅವಳ ಮೇಜಿನ ಮೇಲಿಟ್ಟ. ಇದನ್ನೊಂದು ನೋಡಿಕೊಡು ಎಂದಷ್ಟೇ ಹೇಳಿದ. ಎರಡನೆಯ ದಿನ ಅವಳೇ ಅವನನ್ನು ಹುಡುಕಿಕೊಂಡು ಬಂದಳು.

"ಅಂಕಲ್, ಇದರಲ್ಲಿ ಆಲ್ಮೋಸ್ಟ್ ಎಲ್ಲಾ ಲೆಡ್ಡೇ ಇದೆ. ಆಂಟಿ ಇದನ್ನ ಹಚ್ಚಿಕೊಳ್ತಾರಾ? ಬೇಡ ಅಂತ ಹೇಳಿ, ಪ್ಲೀಸ್."

"ಅವಳು ಹಚ್ಚೂದಿಲ್ಲ," ಎಂದ ರಾಮಕೃಷ್ಣ. "ನಾನೇ ಹಚ್ಚಿದ್ದು. ಖಾಡಿಗೆ."

ಅರ್ಥವಾದ ಮೇಲೆ ಅವಳು ಕೇಳಿದ್ದು ಒಂದೇ ಪ್ರಶ್ನೆ, ಯಾವ ವರ್ಷದಿಂದ ಎಂದು. ತಾಯಿ ಸತ್ತ ವರ್ಷದಿಂದ ಎಂದ. ಹತ್ತು ವರ್ಷದ ಕೆಸರು, ಕಚ್ಛದಿಂದ ದಮಣದವರೆಗೆ, ಮೇಲಿನ ಬಿಲ್ಲೆಯ ಸೀಸದ ಲೆಕ್ಕ ಅಷ್ಟೂ ಮಣ್ಣುಪಾಲಾಗಿತ್ತು. ಕೆಳಗಿನ ಬಿಲ್ಲೆಗಳನ್ನು ನಂಬೋಣವೆಂದರೆ ಕೊಳವೆ ಇಳಿಯುವಾಗ ಮೇಲಿನದನ್ನು ಗೋಡೆಗುಂಟ ಕೆಳಕ್ಕೆ ಎಳೆದಿರುತ್ತದೆ.

ಇಬ್ಬರೂ ಜಯತೀರ್ಥರ ಕೋಣೆಗೆ ಹೋಗಿ ಎಲ್ಲ ಹೇಳಿದರು. ಅವರಿಗೆ ನಿವೃತ್ತಿಗೆ ಒಂದು ವರ್ಷವಿತ್ತು. ರಾಮಕೃಷ್ಣನಿಗೆ ನಾಲ್ಕು ತಿಂಗಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಗೌತಮಿಯನ್ನು ಹೊರಗೆ ಕಳಿಸಿದರು.

"ನೋಡಪಾ ರಾಮಕೃಷ್ಣ, ಆ ಖಾಡಿ ಹೊಲಸು ಆಗೇದ ಅನ್ನೋದು ಸುಳ್ಳೇನು?"

"ಸುಳ್ಳಲ್ಲ ಸರ್."

"ಮತ್ತ? ಆ ಹೆಣ್ಮಗಳ ಕೈ ನೋಡಿ ಬಂದೀದಿ. ಕ್ರೋಮಿಯಂ ಖರೇ ಅದ, ಕ್ಯಾಡ್ಮಿಯಂ ಖರೇ ಅದ. ಸೀಸ ಒಂದು ಹೆಚ್ಚು ಕಡಿಮಿ ಆದ್ರ ಯಾರು ಸಾಯ್ತಾರ? ಸುಮ್ಮನ ಇರು. ಮೂರು ವಾರ ಬಾಯಿಗೆ ಬೀಗ ಹಾಕ್ಕೊಂಡು ಕೂಡು. ನಾನೂ ಅಲ್ಲೇ ಕೈ ಮುಗದು ನಿಂತಿದ್ದೆ, ತಿಳೀತಿಲ್ಲೋ?"

ಮನೆಯಲ್ಲಿ ಕಮಲಾಕ್ಷಿಯೂ ಅದನ್ನೇ ಹೇಳಿದಳು, ಬೇರೆ ದಾರಿಯಿಂದ. ಬಡವರಿಗೆ ಒಳ್ಳೆಯದಾಗುವ ಸುಳ್ಳು ದೇವರ ಲೆಕ್ಕಕ್ಕೆ ಬರುವುದಿಲ್ಲ ಎಂದಳು. ನೀನು ಹೇಳಿದರೆ ನಿನ್ನ ಮರ್ಯಾದೆ ಹೋಗುತ್ತದೆ, ಅವರ ಖಾಡಿಯೂ ಹೋಗುತ್ತದೆ, ಯಾರಿಗೆ ಏನು ದಕ್ಕಿತು ಎಂದಳು. ಅನ್ನ ತಟ್ಟೆಯಲ್ಲೇ ತಣ್ಣಗಾಯಿತು. ಕೊನೆಗೆ ಅವನು ಅಂದದ್ದು ಇಷ್ಟೇ:

"ಕೆಸರು ಸುಳ್ಳು ಹೇಳೂದಿಲ್ಲ ಅಂತ ಮೂವತ್ತು ವರ್ಷ ಎಲ್ಲರಿಗೂ ಹೇಳಿದೆ ಮಾರಾಯ್ತಿ. ಈಗ ಅದರ ಬಾಯಲ್ಲಿ ನಾನೇ ಸುಳ್ಳು ತುರುಕಿದಂಗಾಯ್ತು."

ಸಮಿತಿಗೆ ಹೇಳುವ ಮೊದಲು ಸಾವಿತ್ರಿಬೇನಳಿಗೆ ಹೇಳಬೇಕು ಎನಿಸಿತು. ಮರುದಿನ ಬೆಳಗಿನ ಗಾಡಿ ಹತ್ತಿದ. ವಡೋದರಾದಲ್ಲಿ ಗಾಡಿ ನಿಂತಾಗ ಇಳಿದುಬಿಟ್ಟನಂತೆ, ತಿರುಗಿ ಹೋಗೋಣವೆಂದು. ಪ್ಲಾಟ್‌ಫಾರ್ಮಿನಲ್ಲಿ ಒಂದು ಚಹಾ ಕುಡಿದ. ಗಾಡಿ ಅಲುಗಿದಾಗ ಓಡಿ ಹತ್ತಿದ.

ಸಾವಿತ್ರಿಬೇನ್ ಅವನನ್ನು ಕಂಡು ಅಕ್ಕಪಕ್ಕದವರನ್ನೆಲ್ಲ ಕರೆದಳು. ಸಮಿತಿಯ ಮುಂದೆ ಕೇರಿಯ ಪರವಾಗಿ ಅವಳೇ ಮಾತಾಡುವುದೆಂದು ಗೊತ್ತಾಗಿತ್ತು. ಓದಲು ಬಾರದ ಹೆಂಗಸು, ಆ ಅಂಕಿಯನ್ನು ಬಾಯಿಪಾಠ ಮಾಡಿಕೊಂಡಿದ್ದಳು. ತಳದಲ್ಲಿ ಇಪ್ಪತ್ತೆರಡು, ಮೇಲೆ ಒಂಬೈನೂರ ನಲವತ್ತು. ನಾನು ಹೇಳುವುದು ಸರಿಯಿದೆಯಾ ನೋಡಿ ರಾಮಭಾಯ್ ಎಂದು ಅವನೆದುರು ನಿಂತು ಶಾಲೆಯ ಮಗುವಿನ ಹಾಗೆ ಒಪ್ಪಿಸಿದಳು. ಅವನು ಉಳಿದವರನ್ನು ಆಚೆ ಕಳಿಸಿ ಹೇಳಿದ. ಕುಂಕುಮದ್ದೆಲ್ಲ ಹೇಳಿದ.

ಅವಳು ನೆಲದ ಮೇಲೆ ಕುಳಿತಳು.

"ಅಂದರೆ ನಮ್ಮ ಕೆಸರು ಚೊಕ್ಕವಾ?"

"ಅಲ್ಲ. ವಿಷ ಉಂಟು. ಸೀಸವೂ ಇರಬಹುದು. ಎಷ್ಟು ಅನ್ನುವುದು ಈಗ ಯಾರಿಗೂ ಗೊತ್ತಿಲ್ಲ."

"ಉಂಟು ತಾನೆ? ಹಾಗಾದರೆ ಸುಮ್ಮನಿರಿ, ಭಾಯ್."

"ನಾಳೆ ಕಾರ್ಖಾನೆಯವರೇ ಬಂದು ತಮ್ಮ ಕೊಳವೆ ಇಳಿಸಿ ನೋಡಿದರೆ?"

"ಅವರು ಯಾವತ್ತು ಕೆಸರಿಗೆ ಇಳಿದಿದ್ದಾರೆ?" ಎಂದಳು ಅವಳು. ದನಿ ಏರಲಿಲ್ಲ. "ಇಳಿಯುವವರು ನಾವು, ನೀವು. ನೀವು ಬಾಯಿ ಬಿಡದಿದ್ದರೆ ಇದು ಯಾರಿಗೂ ತಿಳಿಯುವುದಿಲ್ಲ. ನಿಮ್ಮ ಮನಸ್ಸು ಹಗುರಾಗಲಿ ಅಂತ ನಮ್ಮ ತಲೆಯ ಮೇಲೆ ಕಲ್ಲು ಹಾಕಬೇಡಿ."

ರಾಮಕೃಷ್ಣ ಅವಳಿಗೆ ಏನೂ ಮಾತು ಕೊಡದೆ ಎದ್ದು ಬಂದ. ಅಹಮದಾಬಾದಿಗೆ ಮರಳಿದ ಎರಡನೆಯ ದಿನ ತನ್ನ ಕೈಬರಹದಲ್ಲೇ ಒಂದು ಕಾಗದ ಬರೆದು ಪ್ರಯೋಗಶಾಲೆಗೂ ಸಮಿತಿಗೂ ಕೊಟ್ಟ. ಸೀಸದ ಅಂಕಿ ಮಾತ್ರ ಬಿಡಿ, ಉಳಿದವು ನಿಜ ಎಂದು ಕೊನೆಯಲ್ಲಿ ಎರಡು ಸಲ ಬರೆದಿದ್ದ. ಕೊಟ್ಟು ಬಂದ ಮೇಲೆ ಮೂರು ದಿನ ಜ್ವರ ಮಲಗಿಸಿತು.

ಸಮಿತಿ ಆ ಕೊನೆಯ ಸಾಲಿಗೆ ಕಿವಿಗೊಡಲಿಲ್ಲ. ಕಾರ್ಖಾನೆಗಳ ಪರವಾಗಿ ಬಂದ ವಕೀಲ ಕಾಗದವನ್ನು ಎತ್ತಿ ಹಿಡಿದು, ಕೆಸರಿಗೆ ಕುಂಕುಮವಿಟ್ಟು ಮಾಡಿದ ಪರೀಕ್ಷೆ ಇದು, ತೆಂಗಿನಕಾಯಿಯನ್ನೂ ಒಡೆದಿದ್ದರೋ ಏನೋ ಎಂದ. ಸಭೆ ನಕ್ಕಿತು. ಒಂದು ಅಂಕಿ ಕೆಟ್ಟದ್ದಾದರೆ ಉಳಿದವನ್ನು ಏಕೆ ನಂಬಬೇಕು ಎಂದ. ಅರ್ಧ ಗಂಟೆಯಲ್ಲಿ ದೂರು ವಜಾ ಆಯಿತು. ಸಾವಿತ್ರಿಬೇನ್ ಹೊಸ ಸೀರೆ ಉಟ್ಟು ಹಿಂದಿನ ಸಾಲಿನಲ್ಲಿ ಕುಳಿತಿದ್ದಳಂತೆ. ಅವಳ ಹೆಸರನ್ನು ಯಾರೂ ಕೂಗಲಿಲ್ಲ.

ಪ್ರಯೋಗಶಾಲೆಯಲ್ಲಿ ಹತ್ತು ವರ್ಷದ ಕಡತಗಳ ಮೇಲೆ ಕೆಂಪು ಗೀಟು ಬಿತ್ತು. ಎಲ್ಲ ಕಡತಗಳಲ್ಲೂ ಮಣ್ಣು ತಂದವರು ಎಂಬಲ್ಲಿ ರಾಮಕೃಷ್ಣನ ಹೆಸರೇ ಇತ್ತು. ಜಯತೀರ್ಥರು ಅವನೊಂದಿಗೆ ಮಾತು ಬಿಟ್ಟರು. ನವೆಂಬರಿನಲ್ಲಿ ಅವನ ನಿವೃತ್ತಿಯ ದಿನ ಒಂದು ಹಾರ ಹಾಕಿದರು, ಒಂದು ಸಮೋಸ ಕೊಟ್ಟರು. ಮಾತಾಡಲು ಯಾರೂ ಎದ್ದು ನಿಲ್ಲಲಿಲ್ಲ. ಸಂಜೆ ಅವನು ಮೆಟ್ಟಿಲು ಹತ್ತುವಾಗ ನಾನು ಬಾಗಿಲಲ್ಲಿದ್ದೆ. ಮುಗೀತಾ ಎಂದು ಕೇಳಿದೆ. ಮುಗೀತು ಎಂದು ಮೇಲೆ ಹೋದ.

ಗೌತಮಿ ಮಾತ್ರ ಕೈ ಬಿಡಲಿಲ್ಲ. ಮುಂದಿನ ಜನವರಿಯಲ್ಲಿ ಅದೇ ಖಾಡಿಗೆ ಹೊಸದಾಗಿ ಹೋಗುತ್ತೇನೆ, ಕೆಸರಿನ ದಾರಿ ನನಗೆ ಗೊತ್ತಿಲ್ಲ ಅಂಕಲ್, ನೀವು ಬನ್ನಿ ಎಂದಳು. ಅವನು ಸಂಬಳವಿಲ್ಲದ ಆಳಾಗಿ ಹೋದ. ಕುಂಕುಮ ಇಡದೆ, ಬರಿಗೈಯಲ್ಲಿ ಕೊಳವೆ ಇಳಿಸಿದ. ಆರು ಕಡೆ ಇಳಿಸಿದ. ಕೇರಿಯ ಜನ ದಂಡೆಯ ಮೇಲೆ ನಿಂತು ನೋಡಿದರು. ಯಾರೂ ಕೆಳಗೆ ಬರಲಿಲ್ಲ.

ಫೆಬ್ರವರಿಯಲ್ಲಿ ಲೆಕ್ಕ ಬಂತು. ಸೀಸ ತೊಂಬತ್ತಾರು. ಒಂಬೈನೂರ ನಲವತ್ತಲ್ಲ, ಆದರೆ ತಳದ ಮಣ್ಣಿಗಿಂತ ನಾಲ್ಕು ಪಟ್ಟು ಹೆಚ್ಚು. ಕ್ರೋಮಿಯಂ ಹೋದ ವರ್ಷಕ್ಕಿಂತ ಏರಿತ್ತು, ಕ್ಯಾಡ್ಮಿಯಂ ಕೂಡ. ಈ ಸಲ ಯಾವ ವಕೀಲನೂ ಬೆರಳು ಇಡುವಂತಿರಲಿಲ್ಲ. ಕೇರಿಯವರು ಹೊಸ ದೂರಿಗೆ ಸಹಿ ಹಾಕಿದರೆ ಸಮಿತಿ ಮತ್ತೆ ಕೂರಲೇಬೇಕು. ಅವರ ಸಹಿ ಇಲ್ಲದೆ ಪ್ರಯೋಗಶಾಲೆ ತಾನಾಗಿ ಏನೂ ಮಾಡುವಂತಿಲ್ಲ. ರಾಮಕೃಷ್ಣ, ಗೌತಮಿ ಇಬ್ಬರೂ ಕಾಗದ ಹಿಡಿದು ಮನೆಮನೆಗೆ ಹೋದರು. ಕೆಲವರು ಬಾಗಿಲು ಹಾಕಿಕೊಂಡರು. ಕೆಲವರು ನೀರು ಕೊಟ್ಟು, ಕಾಗದವನ್ನು ಮುಟ್ಟದೆ ಕಳಿಸಿದರು. ನಲವತ್ತಾರರಲ್ಲಿ ಹನ್ನೊಂದು ಮನೆಗಳಿಗೆ ಆಗಲೇ ಬೀಗ ಬಿದ್ದಿತ್ತು. ಆ ಮನೆಗಳ ಹೆಂಗಸರು ಸೀರೆಗೆ ಅಂಚು ಹೊಲಿಯುವ ಕೆಲಸ ಹುಡುಕಿಕೊಂಡು ಸೂರತ್ತಿಗೆ ಹೋಗಿದ್ದರು.

ಮಧ್ಯಾಹ್ನ ಸಾವಿತ್ರಿಬೇನಳ ಮನೆಗೆ ಬಂದರು. ಅವಳು ಅಡುಗೆ ಮಾಡುತ್ತಿದ್ದಳು. ಗೌತಮಿ ಅಂಕಿಗಳನ್ನು ಒಂದೊಂದಾಗಿ ವಿವರಿಸಿದಳು. ಅವಳು ಒಲೆಯ ಕಡೆಯಿಂದ ಮುಖ ತಿರುಗಿಸದೆ ಕೇಳಿಸಿಕೊಂಡಳು.

"ಹೋದ ಸಲವೂ ಹೀಗೇ ಹೇಳಿದ್ದಿರಿ, ಮಗಳೆ. ನಾನು ಬಾಯಿಪಾಠ ಮಾಡಿದೆ."

"ಈ ಸಲದ್ದು ಸುಳ್ಳಾಗುವುದಿಲ್ಲ," ಎಂದ ರಾಮಕೃಷ್ಣ.

"ಸುಳ್ಳಲ್ಲ ಅಂತ ನನಗೂ ಗೊತ್ತು. ನನ್ನ ಕೈಗೆ ಗೊತ್ತಿಲ್ಲವಾ? ಆದರೆ ಇನ್ನೊಂದು ಸಲ ಆ ಸಭೆಯಲ್ಲಿ ಹೋಗಿ ಕೂರುವವರು ಯಾರು? ನೀವು ಕೂರುತ್ತೀರಾ? ನಾನು ಕೂರುವುದಿಲ್ಲ. ಈ ಕೇರಿಯಲ್ಲಿ ಯಾರೂ ಕೂರುವುದಿಲ್ಲ."

ಅವನು ಕಾಗದ ಮಡಿಸಿ ಗೌತಮಿಯ ಕೈಗೆ ಕೊಟ್ಟ. ಏಳಲು ಹೊರಟಾಗ ಸಾವಿತ್ರಿಬೇನ್ ತಟ್ಟೆ ತಂದು ಅವನ ಮುಂದಿಟ್ಟಳು. ರೊಟ್ಟಿ, ಅದರ ಪಕ್ಕದಲ್ಲಿ ಹಸಿ ಬೆಳ್ಳುಳ್ಳಿಯ ಮಸಾಲೆಯಲ್ಲಿ ಬೆಂದ ಮೂರು ಲೆವ್ಟಾ. ಬೆಳಗ್ಗೆ ಈ ಖಾಡಿಯಲ್ಲೇ ಹಿಡಿದದ್ದು, ಮಾರಾಟವಾಗಲಿಲ್ಲ, ನಮಗೆ ದಿನವೂ ಇದೇ ಎಂದಳು. ಗೌತಮಿ ಅವನ ತೋಳು ಮುಟ್ಟಿ, ಬೇಡ ಅಂಕಲ್ ಎಂದು ಕನ್ನಡದಲ್ಲಿ ಮೆಲ್ಲಗೆ ಅಂದಳು. ಸಾವಿತ್ರಿಬೇನಳಿಗೆ ಆ ಮಾತು ತಿಳಿಯದಿದ್ದರೂ ಅರ್ಥ ತಿಳಿಯಿತು. ಅವಳು ಕೈ ಕಟ್ಟಿಕೊಂಡು ಗೋಡೆಗೆ ಒರಗಿ ನಿಂತು ಅವನನ್ನೇ ನೋಡಿದಳು.

ರಾಮಕೃಷ್ಣ ರೊಟ್ಟಿ ಮುರಿದ. ಮೂರನ್ನೂ ತಿಂದ, ಮುಳ್ಳನ್ನು ಒಂದು ಕಡೆ ಸಾಲಾಗಿ ಇಟ್ಟ, ಕೈ ತೊಳೆದುಕೊಂಡು ಬಂದ. ಬಹಳ ರುಚಿಯಾಗಿತ್ತು ಎಂದು ನನಗೆ ಹೇಳಿದ.